ಡೇಟಾ ಎಕ್ಸ್‌ಪೋರ್ಟ್: ಬಟನ್ ಒತ್ತುವ ಮುಂಚೆ, ಒತ್ತಿದ ಮೇಲೆ

"ನಮ್ಮ ಡೇಟಾ ಎಲ್ಲ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ ಕೊಡಿ" ಅಂತ ಯಾರಾದರೂ ಫೋನ್ ಮಾಡಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: "ಅದನ್ನು ಯಾರು ಓದುವುದು?" ಆಡಿಟರ್ ಕಣ್ಣಲ್ಲಿ ನೋಡಿ ಓದುತ್ತಾರಾ? ಇನ್ನೊಂದು ಸಾಫ್ಟ್‌ವೇರ್ ಓದಬೇಕಾ? ಅಥವಾ ಈ ಕಂಪ್ಯೂಟರ್ ಹಾಳಾದರೆ ಅದೇ ಸಾಫ್ಟ್‌ವೇರ್ ಬೇರೆ ಕಂಪ್ಯೂಟರಿನಲ್ಲಿ ಓದಬೇಕಾ? ಮೂರಕ್ಕೂ ದಾರಿ ಬೇರೆ ಬೇರೆ. ಇದನ್ನು ಕೇಳದೆ ಬಟನ್ ಒತ್ತಿದರೆ ಫೈಲ್ ಏನೋ ಬರುತ್ತದೆ, ಆದರೆ ಉಪಯೋಗಕ್ಕೆ ಬೀಳುವುದಿಲ್ಲ.

ನಾನು ಕೆಲಸ ಮಾಡುವುದು ಕಾಸರಗೋಡಿನ ಒಂದು ಟ್ಯಾಕ್ಸ್ ಆಫೀಸಿನಲ್ಲಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ಅಡಿಕೆ ಅಂಗಡಿಗಳು, ಹಾರ್ಡ್‌ವೇರ್ ಅಂಗಡಿಗಳು, ಗೊಬ್ಬರದ ಅಂಗಡಿಗಳು ನಮ್ಮಲ್ಲಿಗೆ ಲೆಕ್ಕ ತರುತ್ತಾರೆ. ಹೆಚ್ಚಿನವರದ್ದು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್. ಕೆಲವರದ್ದು ಯಾರೋ ಊರಿನವರೇ ಬರೆದುಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರ್. ಈಚೆಗೆ ಝೋಹೋ ಬುಕ್ಸ್ ತರಹದ ಆನ್‌ಲೈನ್ ಸಾಫ್ಟ್‌ವೇರ್‌ಗೆ ಹೋಗುವವರೂ ಇದ್ದಾರೆ. ಹಾಗಾಗಿ ಒಂದು ಕಡೆಯಿಂದ ಡೇಟಾ ತೆಗೆದು ಇನ್ನೊಂದು ಕಡೆಗೆ ಹಾಕುವುದೇ ನನ್ನ ಕೆಲಸದಲ್ಲಿ ದೊಡ್ಡ ಪಾಲು.

ಟ್ಯಾಲಿಯಿಂದಲೇ ಶುರು ಮಾಡುತ್ತೇನೆ. ಕಂಪ್ಯೂಟರ್ ಹಾಳಾದರೆ ಅಂತ ಭಯ ಇದ್ದರೆ ಬೇಕಾದ್ದು ಬ್ಯಾಕಪ್. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್+ವೈ ಒತ್ತಿದರೆ ಸಿಗುತ್ತದೆ. ಆ ಫೈಲನ್ನು ಟ್ಯಾಲಿ ಬಿಟ್ಟು ಬೇರೆ ಯಾರೂ ಓದಲಾರರು. ಹಾಗಾಗಿ ಬ್ಯಾಕಪ್ ಇದೆ ಅಂತ ಹೇಳಿ ಸಾಫ್ಟ್‌ವೇರ್ ಬದಲಿಸಲು ಹೊರಟರೆ ಆಗುವುದಿಲ್ಲ. ಆಡಿಟರ್‌ಗೆ ತೋರಿಸಲು ಬೇಕಾದ್ದು ರಿಪೋರ್ಟ್. ತೆರೆದಿರುವ ರಿಪೋರ್ಟನ್ನೇ ಕಂಟ್ರೋಲ್+ಇ ಒತ್ತಿ ಎಕ್ಸೆಲ್ ಅಥವಾ ಪಿಡಿಎಫ್ ಮಾಡಿದರೆ ಸಾಕು. ಇನ್ನೊಂದು ಟ್ಯಾಲಿ ಕಂಪನಿಗೋ ಇನ್ನೊಂದು ಸಾಫ್ಟ್‌ವೇರ್‌ಗೋ ಹೋಗಬೇಕಾದರೆ ಆಲ್ಟ್+ಇ ಒತ್ತಿ, ಮಾಸ್ಟರ್ಸ್ (ಲೆಡ್ಜರ್ ಅಂದರೆ ಖಾತೆಗಳು, ಸ್ಟಾಕ್ ಐಟಂಗಳು) ಬೇರೆ, ಟ್ರಾನ್ಸಾಕ್ಷನ್ಸ್ (ವೋಚರ್ ಅಂದರೆ ಒಂದೊಂದು ವ್ಯವಹಾರದ ಎಂಟ್ರಿ) ಬೇರೆ ಎಕ್ಸ್‌ಎಂಎಲ್ (ಸಾಫ್ಟ್‌ವೇರ್‌ಗಳು ಓದುವ ಫೈಲ್ ಮಾದರಿ) ಆಗಿ ತೆಗೆಯಬೇಕು. ಹಾಕುವಾಗಲೂ ಮಾಸ್ಟರ್ಸ್ ಮೊದಲು. ಲೆಡ್ಜರೇ ಇಲ್ಲದ ಕಂಪನಿಗೆ ವೋಚರ್ ಎಲ್ಲಿ ಹೋಗಿ ಕೂರಬೇಕು?

ಓಡಿಬಿಸಿ (ಒಂದು ಸಾಫ್ಟ್‌ವೇರ್‌ನ ಡೇಟಾವನ್ನು ಇನ್ನೊಂದು ನೇರವಾಗಿ ಓದುವ ಜೋಡಣೆ) ಅಂತ ಇನ್ನೊಂದು ದಾರಿ ಇದೆ. ಟ್ಯಾಲಿ ತೆರೆದಿಟ್ಟು, ಅದರ 9000 ಪೋರ್ಟಿಗೆ ಎಕ್ಸೆಲ್ಲನ್ನೇ ಜೋಡಿಸಿ ಡೇಟಾ ಎಳೆದುಕೊಳ್ಳುವುದು. ಲೆಡ್ಜರ್ ಪಟ್ಟಿ, ಸ್ಟಾಕ್ ಐಟಂ ಪಟ್ಟಿ ವಾರವಾರ ಬೇಕು ಅನ್ನುವವರಿಗೆ ಇದು ಒಳ್ಳೆಯದು. ಒಮ್ಮೆ ಜೋಡಿಸಿದರೆ ಮತ್ತೆ ರಿಫ್ರೆಶ್ ಕೊಟ್ಟರಾಯಿತು. ವೋಚರ್‌ಗಳನ್ನು ಹೀಗೆ ತೆಗೆಯಲು ಮಾತ್ರ ಟ್ಯಾಲಿಯ ಪ್ರೋಗ್ರಾಮಿಂಗ್ ಭಾಷೆ ಟಿಡಿಎಲ್ ಗೊತ್ತಿರುವವರು ಬೇಕು.

ಡೇ ಬುಕ್ ಎಕ್ಸ್‌ಪೋರ್ಟ್ ಮಾಡುವವರಿಗೆ ಒಂದು ಮಾತು. ಡೇ ಬುಕ್ ತೆರೆದರೆ ತೋರಿಸುವುದು ಒಂದೇ ದಿನದ ಎಂಟ್ರಿಗಳನ್ನು. ಆಲ್ಟ್+ಎಫ್2 ಒತ್ತಿ ಏಪ್ರಿಲ್ 1ರಿಂದ ಮಾರ್ಚ್ 31ರ ತನಕ ಅಂತ ಕೊಡದಿದ್ದರೆ ಆ ಒಂದು ದಿನವೇ ಫೈಲಿಗೆ ಬರುತ್ತದೆ. ಆಲ್ಟ್+ಎಫ್5 ಒತ್ತಿ ವಿವರ ತೆರೆಯದಿದ್ದರೆ ಪ್ರತಿ ವೋಚರ್‌ಗೆ ಒಂದು ಸಾಲು ಮಾತ್ರ. ಒಳಗಿನ ಐಟಂ, ತೂಕ, ಟ್ಯಾಕ್ಸ್ ಯಾವುದೂ ಇರುವುದಿಲ್ಲ. ಪರದೆ ಮೇಲೆ ಏನು ಕಾಣುತ್ತದೋ ಅದೇ ಎಕ್ಸೆಲ್ಲಿಗೆ ಹೋಗುವುದು.

ಇನ್ನು ಡೆಬಿಟ್, ಕ್ರೆಡಿಟ್ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಲೆಕ್ಕ ತಪ್ಪಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಕೆಲವು ರಿಪೋರ್ಟುಗಳಲ್ಲಿ ಕ್ಲೋಸಿಂಗ್ ಬ್ಯಾಲೆನ್ಸ್ ಒಂದೇ ಕಾಲಮ್ಮಿನಲ್ಲಿ, ಪಕ್ಕದಲ್ಲಿ ಡೆಬಿಟ್ ಅಥವಾ ಕ್ರೆಡಿಟ್ ಅಂತ ಬರೆದುಕೊಂಡು ಬರುತ್ತದೆ. ಎಕ್ಸೆಲ್ಲಿನಲ್ಲಿ ನೋಡಿದರೂ ಹಾಗೆಯೇ ಕಾಣುತ್ತದೆ. ಆದರೆ ಸೆಲ್ ಮೇಲೆ ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಬಾರ್ ನೋಡಿ. ಅಲ್ಲಿ ಸುಮ್ನೆ 12500 ಅಂತ ಇರುತ್ತದೆ. ಡೆಬಿಟ್ಟೋ ಕ್ರೆಡಿಟ್ಟೋ ಅನ್ನುವುದು ಸೆಲ್ಲಿನ ಫಾರ್ಮ್ಯಾಟಿನಲ್ಲಿದೆ, ಸಂಖ್ಯೆಯಲ್ಲಿ ಇಲ್ಲ. ಈಗ ಕೆಳಗೆ ಒಟ್ಟು ಹಾಕಿದರೆ ನಮಗೆ ಬರಬೇಕಾದ ಹಣ, ನಾವು ಕೊಡಬೇಕಾದ ಹಣ ಎರಡೂ ಕೂಡಿಕೊಳ್ಳುತ್ತವೆ. ವ್ಯಾಲ್ಯೂ ಮಾತ್ರ ಕಾಪಿ ಮಾಡಿ ಬೇರೆ ಶೀಟಿಗೆ ಅಂಟಿಸಿದರೆ ಆ ಗುರುತೂ ಹೋಯಿತು. ಹಾಗಾಗಿ ನಾನು ಯಾವಾಗಲೂ ಡೆಬಿಟ್, ಕ್ರೆಡಿಟ್ ಎರಡು ಬೇರೆ ಕಾಲಮ್ ಇರುವ ರಿಪೋರ್ಟನ್ನೇ ತೆಗೆಯುತ್ತೇನೆ. ಎಕ್ಸ್‌ಎಂಎಲ್‌ನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಡೆಬಿಟ್ ಮೊತ್ತಕ್ಕೆ ಮೈನಸ್ ಚಿಹ್ನೆ ಇರುತ್ತದೆ. ಅದನ್ನು ಗೊತ್ತಿಟ್ಟುಕೊಂಡು ಓದಿದರಾಯಿತು.

ಬೇರೆ ಸಾಫ್ಟ್‌ವೇರ್‌ಗಳು ಕೊಡುವುದು ಹೆಚ್ಚಾಗಿ ಸಿಎಸ್‌ವಿ, ಅಂದರೆ ಕಾಲಮ್ಮುಗಳ ನಡುವೆ ಅಲ್ಪವಿರಾಮ ಹಾಕಿದ ಬರೀ ಟೆಕ್ಸ್ಟ್ ಫೈಲ್. ಸಿಎಸ್‌ವಿ ಒಳ್ಳೆಯ ಫೈಲೇ. ಅದನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್ಲಿನಲ್ಲಿ ತೆರೆದು ಸೇವ್ ಮಾಡಿದಾಗ ಹಾಳಾಗುತ್ತದೆ. ನಮ್ಮ ಜಿಲ್ಲೆಯ ವ್ಯಾಪಾರಕ್ಕೆ ಇದು ಜಾಸ್ತಿ ತಾಗುತ್ತದೆ. ನೋಡಿ, ಜಿಎಸ್‌ಟಿಯ ಎಚ್‌ಎಸ್‌ಎನ್ ಕೋಡ್‌ನಲ್ಲಿ (ಯಾವ ಸರಕು ಅಂತ ಹೇಳುವ ಸಂಖ್ಯೆ) ತೆಂಗಿನಕಾಯಿ, ಗೇರುಬೀಜ 0801. ಅಡಿಕೆ 0802. ಕರಿಮೆಣಸು 0904. ಇಲ್ಲಿ ಬೆಳೆಯುವ ಇವಕ್ಕೆಲ್ಲ ಸೊನ್ನೆಯೇ ಮೊದಲು! ಎಕ್ಸೆಲ್ ಇವನ್ನು ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆ ತೆಗೆದುಬಿಡುತ್ತದೆ. ಅಡಿಕೆಯ 080280 ಹೋಗಿ 80280 ಆಗುತ್ತದೆ. 0802 ಇದ್ದದ್ದು 802. ಹಾಗೆಯೇ ಜಿಎಸ್‌ಟಿಆರ್-1ಕ್ಕೆ (ಮಾರಾಟದ ರಿಟರ್ನಿಗೆ) ಹೋದರೆ ಅಂಥ ಕೋಡೇ ಇಲ್ಲ. ಕಾಸರಗೋಡಿನ ಲ್ಯಾಂಡ್‌ಲೈನ್ 04994, ಮಂಜೇಶ್ವರ ಕಡೆಯದ್ದು 04998, ಅವೂ ಹೀಗೆಯೇ ಮೊಟಕಾಗುತ್ತವೆ. ಬ್ಯಾಂಕ್ ಖಾತೆ ಸಂಖ್ಯೆ ಇನ್ನೂ ಅಪಾಯ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನೆನಪಿಡುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಇದ್ದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಸೇವ್ ಮಾಡಿದ ಮೇಲೆ ಹಳೆ ಅಂಕಿ ವಾಪಸ್ ಸಿಗುವುದಿಲ್ಲ. ಕೃಷಿಕರಿಗೆ ಅಡಿಕೆಯ ಹಣ ಕಳಿಸುವ ಪಟ್ಟಿಯಲ್ಲಿ ಹೀಗಾದರೆ ಏನು ಗತಿ?

ಪರಿಹಾರ ಸುಲಭ. ಫೈಲನ್ನು ಡಬಲ್ ಕ್ಲಿಕ್ ಮಾಡಬೇಡಿ. ಎಕ್ಸೆಲ್ ಖಾಲಿ ತೆರೆದು, ಡೇಟಾ ಮೆನುವಿನಲ್ಲಿ ಟೆಕ್ಸ್ಟ್/ಸಿಎಸ್‌ವಿಯಿಂದ ತರುವ ಆಯ್ಕೆ ಒತ್ತಿ, ಕೋಡ್, ಫೋನ್, ಖಾತೆ ಸಂಖ್ಯೆ ಕಾಲಮ್ಮುಗಳನ್ನು ಟೆಕ್ಸ್ಟ್ ಅಂತ ಮಾಡಿ. ಮೂಲ ಸಿಎಸ್‌ವಿಯನ್ನು ಮುಟ್ಟದೆ ಬೇರೆ ಫೋಲ್ಡರಿನಲ್ಲಿ ಇಡಿ.

ತಾರೀಕಿಗೂ ಇದೇ ಕಥೆ. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 01/05/2024 ಅನ್ನುವ ಮೇ 1, ಜನವರಿ 5 ಆಗುತ್ತದೆ. 13ರಿಂದ ಮೇಲಿನ ದಿನಗಳು ಮಾತ್ರ ಬದಲಾಗದೆ ಟೆಕ್ಸ್ಟ್ ಆಗಿ ಉಳಿಯುತ್ತವೆ. ಅಂದರೆ ಅರ್ಧ ಸರಿ, ಅರ್ಧ ತಪ್ಪು. ಇದನ್ನು ಹಿಡಿಯಲು ನಾನು ತಾರೀಕಿನ ಮೇಲೆ ಸಾರ್ಟ್ ಮಾಡುತ್ತೇನೆ. 2024-25ರ ಫೈಲಿನಲ್ಲಿ 2024ರ ಜನವರಿ ಕಂಡರೆ ಅಲ್ಲಿಗೇ ನಿಲ್ಲಿಸಿ ಮತ್ತೆ ಶುರು ಮಾಡಬೇಕು.

ಗಡಿನಾಡಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತಲೆನೋವು ಹೆಸರುಗಳದ್ದು. ಒಂದೇ ಅಂಗಡಿಯ ಪಟ್ಟಿಯಲ್ಲಿ ಕೆಲವರ ಹೆಸರು ಕನ್ನಡದಲ್ಲಿ, ಕೆಲವರದ್ದು ಮಲಯಾಳದಲ್ಲಿ, ಉಳಿದದ್ದು ಇಂಗ್ಲಿಷಿನಲ್ಲಿ. ಯುನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಕೇತ ಇರುವ ಪದ್ಧತಿ) ಆಗಿದ್ದರೆ ಪರವಾಗಿಲ್ಲ, ತರುವಾಗ ಯುಟಿಎಫ್-8 ಅಂತ ಆರಿಸಿದರೆ ಎಲ್ಲ ಸರಿಯಾಗಿ ಬರುತ್ತದೆ. ಹಳೆ ಡೇಟಾ ಹಾಗಿರುವುದಿಲ್ಲ. ಕನ್ನಡ 'ನುಡಿ' ಸಾಫ್ಟ್‌ವೇರ್‌ನ ಹಳೆ ಫಾಂಟಿನಲ್ಲಿ, ಮಲಯಾಳ ಐಎಸ್‌ಎಂ ಸಾಫ್ಟ್‌ವೇರ್‌ನ ಎಂಎಲ್-ಟಿಟಿ ಕಾರ್ತಿಕ ಫಾಂಟಿನಲ್ಲಿ ಟೈಪ್ ಆಗಿರುತ್ತದೆ. ಇವು ನಿಜವಾಗಿ ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಹಾಕಿದಾಗ ಮಾತ್ರ ನಮ್ಮ ಲಿಪಿ ಕಾಣುವುದು. ಎಕ್ಸ್‌ಪೋರ್ಟ್ ಮಾಡಿದರೆ ಫಾಂಟ್ ಜೊತೆಗೆ ಬರುವುದಿಲ್ಲ, ಅರ್ಥವಾಗದ ಅಕ್ಷರಗಳ ಸಾಲು ಉಳಿಯುತ್ತದೆ. ಎರಡಕ್ಕೂ ಯುನಿಕೋಡ್ ಮಾಡುವ ಕನ್ವರ್ಟರ್ ಬೇರೆ ಬೇರೆ. ಕನ್ನಡದ ಸಾಲುಗಳನ್ನೂ ಮಲಯಾಳದ ಸಾಲುಗಳನ್ನೂ ಮೊದಲು ಬೇರೆ ಮಾಡಬೇಕು. ಅದನ್ನು ಅಂಗಡಿಯಲ್ಲಿ ಕೂತವರೇ ಮಾಡಬಲ್ಲರು. ಇಲ್ಲಿ ಕೃಷ್ಣ ಭಟ್ ಅಂತಲೋ ಅಬ್ದುಲ್ಲ ಅಂತಲೋ ಹುಡುಕಿದರೆ ಎಷ್ಟು ಜನ ಸಿಗುತ್ತಾರೆ! ಮನೆ ಹೆಸರು ಗೊತ್ತಿರುವ ಹಳೆ ಗುಮಾಸ್ತರು ಪಕ್ಕದಲ್ಲಿ ಇಲ್ಲದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುವುದೇ ಇಲ್ಲ.

ಇತ್ತೀಚೆಗೆ ಒಂದು ಅಡಿಕೆ ಅಂಗಡಿಯ ಹಳೆ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಟ್ಯಾಲಿಗೆ ಬರುವ ಕೆಲಸ ಇತ್ತು. ಸಾಫ್ಟ್‌ವೇರ್ ಬರೆದವರು ಸರ್ವಿಸ್ ನಿಲ್ಲಿಸಿದ್ದರು. ಅದರಲ್ಲಿ ಎಕ್ಸ್‌ಪೋರ್ಟ್ ಅಂತ ಇದ್ದದ್ದು ಪ್ರಿಂಟ್ ರಿಪೋರ್ಟಿನದ್ದು ಮಾತ್ರ. ಪುಟಪುಟಕ್ಕೂ ಅಂಗಡಿ ಹೆಸರು, ಪುಟಪುಟಕ್ಕೂ ಒಟ್ಟು. ಅಂಗಡಿಯ ಹುಡುಗ ಎಲ್ಲ ತೆಗೆದು ಪೆನ್‌ಡ್ರೈವ್ ತಂದು, "ಅಣ್ಣಾ, ಎಲ್ಲ ಬಂದಿದೆ" ಅಂದ. ಪಾರ್ಟಿಗಳ ಬಾಕಿ ಬಂದಿತ್ತು, ನಿಜ. ಆದರೆ ಬಾಕಿ ಯಾವ ಬಿಲ್ಲಿನದ್ದು ಅಂತ ಇರಲಿಲ್ಲ. ಒಬ್ಬ ಖರೀದಿದಾರರಿಂದ ಇಷ್ಟು ಬರಬೇಕು ಅಂತ ಗೊತ್ತಾದರೆ ಸಾಲದು. ಅದು ಕಳೆದ ತಿಂಗಳ ಚಾಲಿ ಲೋಡಿನದ್ದಾ, ಆರು ತಿಂಗಳ ಹಿಂದಿನ ಪಟೋರದ್ದಾ (ಎರಡೂ ಅಡಿಕೆಯ ಬಗೆಗಳು) ಅಂತ ತಿಳಿಯದೆ ಧಣಿ ಫೋನ್ ಮಾಡಿ ಏನು ಕೇಳಬೇಕು? ಬಿಲ್ ಪ್ರಕಾರದ ಬಾಕಿ ಪಟ್ಟಿಯನ್ನು ಬೇರೆಯೇ ತೆಗೆಸಿದೆವು. ಚಾಲಿ ಹೊಸತು, ಚಾಲಿ ಹಳತು, ಪಟೋರ, ಉಳ್ಳಿ, ಕರಿಗೋಟು ಅಂತ ಸ್ಟಾಕನ್ನೂ ಬೇರೆ ಬೇರೆ ತೂಕದೊಂದಿಗೆ ತೆಗೆಸಿದೆವು.

ವರ್ಷದ ನಡುವೆ ಬದಲಾಯಿಸುವವರು ಇನ್ನೊಂದು ಗಮನಿಸಬೇಕು. ಟ್ಯಾಲಿ ಕಂಪನಿಯಿಂದ ಮಾಸ್ಟರ್ಸ್ ತೆಗೆಯುವಾಗ ಕ್ಲೋಸಿಂಗ್ ಬ್ಯಾಲೆನ್ಸನ್ನು ಓಪನಿಂಗ್ ಆಗಿ ಕಳಿಸುವ ಆಯ್ಕೆ ಇದೆ. ಅದನ್ನು ಹೌದು ಅಂತ ಕೊಟ್ಟು, ಅದೇ ವರ್ಷದ ವೋಚರ್‌ಗಳನ್ನೂ ಹಾಕಿದರೆ ಆ ವ್ಯವಹಾರ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಒಂದೋ ಬ್ಯಾಲೆನ್ಸ್ ಮಾತ್ರ, ಇಲ್ಲವೇ ಏಪ್ರಿಲ್ 1ರ ಓಪನಿಂಗ್ ಜೊತೆ ವೋಚರ್‌ಗಳು. ಎರಡರಲ್ಲಿ ಒಂದು.

ಆನ್‌ಲೈನ್ ಸಾಫ್ಟ್‌ವೇರ್‌ಗಳಲ್ಲಿ ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ಡೇಟಾ ಕೇಳುವ ದಾರಿ) ಮೂಲಕವೂ ಡೇಟಾ ತೆಗೆಯಬಹುದು. ಅಲ್ಲಿ ಡೇಟಾ ಪುಟಪುಟವಾಗಿ ಬರುತ್ತದೆ. ಝೋಹೋ ಬುಕ್ಸ್‌ನಲ್ಲಿ ನಾವೇನೂ ಹೇಳದಿದ್ದರೆ ಒಂದು ಪುಟಕ್ಕೆ 200 ದಾಖಲೆ. ಮುಂದಿನ ಪುಟ ಇದೆಯಾ ಅಂತ ಕೇಳದ ಪ್ರೋಗ್ರಾಂ 200ಕ್ಕೇ ಮುಗಿಸಿಬಿಡುತ್ತದೆ, ಎರರ್ ಕೂಡ ಬರುವುದಿಲ್ಲ.

ಹೀಗೆ ಸದ್ದಿಲ್ಲದೆ ಡೇಟಾ ಕಡಿಮೆಯಾಗುವುದು ದೊಡ್ಡ ಕಡೆಯೂ ಆಗಿದೆ. 2020ರ ಸೆಪ್ಟೆಂಬರ್ ಕೊನೆಗೆ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋದವು. ಲ್ಯಾಬ್‌ಗಳಿಂದ ಬಂದ ಸಿಎಸ್‌ವಿಯನ್ನು ಹಳೆಯ ಎಕ್ಸ್‌ಎಲ್‌ಎಸ್ ಶೀಟಿಗೆ ಹಾಕುತ್ತಿದ್ದರು. ಆ ಹಳೆ ಮಾದರಿಯಲ್ಲಿ 65,536 ಸಾಲುಗಳಷ್ಟೇ ಹಿಡಿಯುತ್ತವೆ. ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576. ಹೆಚ್ಚಾದದ್ದು ಬಿಟ್ಟುಹೋಯಿತು. ಆ ಜನರ ಸಂಪರ್ಕದಲ್ಲಿದ್ದವರಿಗೆ ಸುದ್ದಿ ಮುಟ್ಟುವುದೂ ತಡವಾಯಿತು. ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಗಿತ್ತು. ಬಂದ ಸಾಲುಗಳೆಷ್ಟು, ಶೀಟಿಗೆ ಹೋದ ಸಾಲುಗಳೆಷ್ಟು ಅಂತ ಹೋಲಿಸಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು ಅಲ್ವಾ?

ಅದಕ್ಕೇ ನಾನು ತಾಳೆ ನೋಡದೆ ಯಾವ ಫೈಲನ್ನೂ ಕೊಡುವುದಿಲ್ಲ. ಗೋಣಿ ತೂಕ ಮಾಡದೆ ನಮ್ಮಲ್ಲಿ ಯಾರಾದರೂ ಲಾರಿಗೆ ಅಡಿಕೆ ಲೋಡ್ ಮಾಡುತ್ತಾರಾ? ಎಕ್ಸ್‌ಪೋರ್ಟ್ ಮಾಡುವ ಮುಂಚೆ ಹಳೆ ಸಾಫ್ಟ್‌ವೇರ್‌ನ ಪರದೆಯಿಂದಲೇ ಬರೆದುಕೊಳ್ಳುತ್ತೇನೆ: ಟ್ರಯಲ್ ಬ್ಯಾಲೆನ್ಸಿನ (ಎಲ್ಲ ಲೆಡ್ಜರ್‌ಗಳ ಬಾಕಿ ಪಟ್ಟಿಯ) ಡೆಬಿಟ್, ಕ್ರೆಡಿಟ್ ಎರಡೂ ಒಟ್ಟು, ಪ್ರತಿ ಬಗೆಯ ವೋಚರ್‌ಗಳ ಸಂಖ್ಯೆ ತಿಂಗಳುವಾರು, ಬರಬೇಕಾದ ಒಟ್ಟು ಬಾಕಿ, ಕೊಡಬೇಕಾದ ಒಟ್ಟು ಬಾಕಿ, ಪ್ರತಿ ಸ್ಟಾಕ್ ಐಟಂನ ತೂಕ. ಹೊಸದರಲ್ಲಿ ಹಾಕಿದ ಮೇಲೆ ಒಂದೊಂದನ್ನೇ ನೋಡುತ್ತೇನೆ. ಒಟ್ಟು ಸರಿ ಬಂದರೂ ವೋಚರ್ ಸಂಖ್ಯೆ ಕಡಿಮೆ ಬರಬಹುದು, ಕ್ಯಾನ್ಸಲ್ ಆದ ಬಿಲ್ಲುಗಳಿಗೆ ಮೊತ್ತ ಇರುವುದಿಲ್ಲವಲ್ಲ. ಅವೂ ಬೇಕು. ಬಿಲ್ ನಂಬರ್ ಸಾಲಾಗಿ ಇರದಿದ್ದರೆ ಮುಂದೆ ಅಧಿಕಾರಿಗಳು ಕೇಳುತ್ತಾರೆ.

ಫೈಲ್ ಕಳಿಸುವ ಬಗ್ಗೆಯೂ ಹೇಳಬೇಕು. ಇಂಥ ಪಟ್ಟಿಯಲ್ಲಿ ಕೃಷಿಕರ ಫೋನ್, ಖಾತೆ ಸಂಖ್ಯೆ, ಕೆಲವೊಮ್ಮೆ ಆಧಾರ್ ಕೂಡ ಇರುತ್ತದೆ. ಅದನ್ನು ಅಂಗಡಿಯ ವಾಟ್ಸಾಪ್ ಗ್ರೂಪಿಗೆ ಹಾಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಆಡಿಟರ್‌ಗೆ ಬೇಡದ ಕಾಲಮ್ಮುಗಳನ್ನು ತೆಗೆದು, ಪಾಸ್‌ವರ್ಡ್ ಹಾಕಿ, ಒಬ್ಬರಿಗೇ ಕಳಿಸಿ.

ಹೊಸ ಸಾಫ್ಟ್‌ವೇರ್ ಕೊಳ್ಳುವ ಧಣಿಗಳಿಗೆ ನಾನು ಹೇಳುವುದು, ದುಡ್ಡು ಕೊಡುವ ಮುಂಚೆಯೇ ಕೇಳಿ: ಎಲ್ಲ ಡೇಟಾವನ್ನೂ ನಾವೇ ಹೊರಗೆ ತೆಗೆಯಬಹುದಾ, ಬಿಲ್ ಪ್ರಕಾರದ ಬಾಕಿ ಬರುತ್ತದಾ, ಜೊತೆಗೆ ಸೇರಿಸಿದ ಬಿಲ್ಲಿನ ಫೋಟೋಗಳು ಬರುತ್ತವಾ, ವರ್ಷದ ಹಣ ಕಟ್ಟದಿದ್ದರೆ ಎಷ್ಟು ದಿನ ಡೇಟಾ ಸಿಗುತ್ತದೆ. ಬಾಯಲ್ಲಿ ಹೌದು ಅಂದರೆ ಸಾಲದು. ಡೆಮೋದಲ್ಲೇ ಐದಾರು ಬಿಲ್ ಹಾಕಿಸಿ, ಎಕ್ಸ್‌ಪೋರ್ಟ್ ಮಾಡಿಸಿ ನೋಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆ ದಿನದಿಂದ 72 ತಿಂಗಳು ಇಡಬೇಕು. ಸಾಫ್ಟ್‌ವೇರ್ ಅಷ್ಟು ಕಾಲ ಇರುತ್ತದೆ ಅಂತ ಹೇಳಲಾಗುವುದಿಲ್ಲ. ನಮ್ಮ ಆಫೀಸಿನಲ್ಲಿ ಪ್ರತಿ ವರ್ಷದ ಲೆಕ್ಕ ಮುಗಿದ ಮೇಲೆ ಬ್ಯಾಕಪ್, ಮಾಸ್ಟರ್ಸ್ ಮತ್ತು ವೋಚರ್‌ಗಳ ಎಕ್ಸ್‌ಎಂಎಲ್, ಮುಖ್ಯ ರಿಪೋರ್ಟುಗಳ ಪಿಡಿಎಫ್ ಮೂರನ್ನೂ ಒಂದೇ ಫೋಲ್ಡರಿಗೆ ಹಾಕುತ್ತೇವೆ. ಒಂದು ಪ್ರತಿ ಅಂಗಡಿಯಲ್ಲಿ, ಒಂದು ನಮ್ಮಲ್ಲಿ. ಆ ಎಕ್ಸ್‌ಎಂಎಲ್ಲನ್ನು ಒಂದು ಖಾಲಿ ಟ್ಯಾಲಿ ಕಂಪನಿಗೆ ಹಾಕಿ, ಟ್ರಯಲ್ ಬ್ಯಾಲೆನ್ಸ್ ಹೊಂದಿದ ಮೇಲೆಯೇ ಫೋಲ್ಡರ್ ಮೇಲೆ ತಾರೀಕು ಬರೆಯುತ್ತೇವೆ.