ಶೋಲೆಯಲ್ಲಿ ಗಬ್ಬರ್ ಸತ್ತನೋ, ಪೊಲೀಸರ ಕೈಗೆ ಸಿಕ್ಕನೋ?

ನಾನು ರಾಮನಗರದವನು ಅಂತ ಗೊತ್ತಾದರೆ ಸಾಕು, ಮಾತು ಹಿಂದಿ ಸಿನಿಮಾ ‘ಶೋಲೆ’ಗೆ ಬರುತ್ತದೆ. ಶೂಟಿಂಗ್ ನಡೆದದ್ದು ನಮ್ಮ ಬೆಟ್ಟಗಳಲ್ಲೇ ಅಲ್ವಾ? ಆಮೇಲೆ ಈ ಪ್ರಶ್ನೆ: ‘ಮೊದಲು ಥಿಯೇಟರಿಗೆ ಬಂದಾಗ ಠಾಕೂರ್ ಆ ಡಕಾಯಿತ ಗಬ್ಬರನನ್ನು ಕೊಲ್ತಿದ್ದ ತಾನೇ? ಪೊಲೀಸರು ಬರೋದನ್ನ ಆಮೇಲೆ ಸೇರಿಸಿದ್ದಲ್ವಾ?’

ಅಲ್ಲ. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಚಿತ್ರದಲ್ಲೇ ಪೊಲೀಸರಿದ್ದರು. ಠಾಕೂರ್ ಇನ್ನೇನು ತುಳಿದು ಮುಗಿಸಬೇಕು, ಅಷ್ಟರಲ್ಲಿ ಬಂದು ತಡೆಯುತ್ತಾರೆ. ನಿರ್ದೇಶಕ ರಮೇಶ್ ಸಿಪ್ಪಿ ಮೊದಲು ತೆಗೆದದ್ದು ಕೊಲೆಯನ್ನೇ. ಆದರೆ ಆ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಿತ್ತು. ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನು ಕೈಗೆ ತೆಗೆದುಕೊಳ್ಳುವುದನ್ನು ಸೆನ್ಸಾರ್‌ನವರು ಒಪ್ಪಲಿಲ್ಲ. ಸೋವಿಯತ್ ರಷ್ಯಾಕ್ಕೆ ಹೋಗಿದ್ದ ಠಾಕೂರ್ ಪಾತ್ರಧಾರಿ ಸಂಜೀವ್ ಕುಮಾರ್ ವಾಪಸ್ ಬಂದು ಹೊಸ ಕ್ಲೈಮ್ಯಾಕ್ಸ್‌ನಲ್ಲಿ ನಟಿಸಬೇಕಾಯಿತು. ರಾಮಲಾಲ್ ಕೂತು ಠಾಕೂರನ ಬೂಟಿಗೆ ಮೊಳೆ ಹೊಡೆಯುವ ದೃಶ್ಯವೂ ಹೋಯಿತು. ಎರಡೂ ಕೈ ಕಳೆದುಕೊಂಡ ಯಜಮಾನನಿಗೆ ಆಳು ಆಯುಧ ಮಾಡಿಕೊಡುವ ಹೊತ್ತು ಅದು. ಅದನ್ನು ಕಿತ್ತರೆ ಸೇಡಿನ ತೂಕವೇ ಇಳಿದುಹೋಗುತ್ತದೆ. ಇವತ್ತಿಗೂ ನನಗೆ ಅದೇ ಜಾಸ್ತಿ ನೋವು.

ಕೊಲೆಯ ದೃಶ್ಯ ಜನರಿಗೆ ಸಿಕ್ಕಿದ್ದು 15 ವರ್ಷ ಕಳೆದ ಮೇಲೆ, 1990ರಲ್ಲಿ ಬ್ರಿಟನ್ನಿನಲ್ಲಿ ಬಂದ ವಿಡಿಯೊ ಕ್ಯಾಸೆಟ್‌ನಲ್ಲಿ. ಆಮೇಲೆ ಡಿವಿಡಿ ಬಂತು. ನಮ್ಮ ಚಿಕ್ಕಪ್ಪ ಮಾತ್ರ ‘ಟಾಕೀಸಲ್ಲೇ ನೋಡಿದ್ದೀನಿ ಕಣೋ’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಟಾಕೀಸಿನ ಕತ್ತಲೆ, ಶಿಳ್ಳೆ, ಗಬ್ಬರನ ನಗು ಎಲ್ಲ ನಿಜ. ಕೊನೆ ಮಾತ್ರ ಮನೆಯ ಟಿವಿಯದು. ವರ್ಷ ಕಳೆದಂತೆ ಎರಡೂ ಒಂದೇ ಚಿತ್ರವಾಗಿ ಬೆಸೆದುಕೊಂಡಿವೆ. ಊರಿನ ಇಮಾಮ್ ಸಾಹೇಬರ ಮಗ ಅಹ್ಮದ್‌ನ ಕೊಲೆಯನ್ನೂ ಅವರು ಹಾಗೇ ವಿವರಿಸುತ್ತಾರೆ. ಬಿಡುಗಡೆಯಾದ ಪ್ರತಿಯಲ್ಲಿ ಗಬ್ಬರ್ ಒಂದು ಇರುವೆ ಹೊಸಕುತ್ತಾನೆ, ಆಮೇಲೆ ಕುದುರೆ ಹೆಣ ಹೊತ್ತು ಊರಿಗೆ ಬರುತ್ತದೆ, ಅಷ್ಟೇ. ನಡುವಿನದ್ದನ್ನು ತುಂಬಿಕೊಂಡದ್ದು ಅವರ ಮನಸ್ಸು.

ಡಿವಿಡಿಯಲ್ಲಿ ಇನ್ನೊಂದು ತೊಡಕಿತ್ತು. ಚಿತ್ರ ತೆಗೆದದ್ದು 35 ಎಂಎಂನಲ್ಲಿ, ಆಮೇಲೆ 70 ಎಂಎಂಗೆ ಹಿಗ್ಗಿಸಿದ್ದು. ಹಾಗೆ ಮಾಡುವಾಗ ಚೌಕಟ್ಟಿನ ಮೇಲೂ ಕೆಳಗೂ ಒಂದಿಷ್ಟು ಹೋಗಿತ್ತು. 198 ನಿಮಿಷದ ಸೆನ್ಸಾರ್ ಪ್ರತಿ ಅಗಲ ಪರದೆಯದು. ಮೂಲ ಕೊನೆಯಿದ್ದ 204 ನಿಮಿಷದ್ದು ಹಳೇ ಟಿವಿಯಂತೆ ಚೌಕ. ಅಂದರೆ ಕೊಲೆ ಬೇಕೆಂದರೆ ಅಗಲ ಬಿಡಬೇಕು, ಬೆಟ್ಟಗಳ ಹರವು ಬೇಕೆಂದರೆ ಪೊಲೀಸರನ್ನು ಸಹಿಸಿಕೊಳ್ಳಬೇಕು!

ಎರಡೂ ಒಟ್ಟಿಗೆ ಸಿಕ್ಕಿದ್ದು 2025ರಲ್ಲಿ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಸಿಪ್ಪಿ ಫಿಲ್ಮ್ಸ್ ಸರಿಪಡಿಸಿದ ಪ್ರತಿಯನ್ನು ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದರು. ಡಿಸೆಂಬರ್‌ನಲ್ಲಿ ಅದು ನಮ್ಮ ಥಿಯೇಟರುಗಳಿಗೂ ಬಂತು.

ಹಾಗಾದರೆ ಅಸಲಿ ಯಾವುದು ಅಂತ ಕೇಳುತ್ತಾರೆ. ನಿರ್ದೇಶಕರ ಮನಸ್ಸಿನ ಚಿತ್ರ ಈಗ ಬಂದದ್ದೇ, ಸಂತೋಷ. ಆದರೆ 1975ರಲ್ಲಿ ಜನ ಸಾಲು ನಿಂತು ನೋಡಿದ್ದು ಅದನ್ನಲ್ಲ. ಆ ಪೊಲೀಸರು ಕತೆಯೊಳಗಿಂದ ಬಂದವರಲ್ಲ, ತುರ್ತು ಪರಿಸ್ಥಿತಿ ಕಳಿಸಿದವರು. ಆ ಪ್ರತಿಯನ್ನೂ ಇಷ್ಟೇ ಮುತುವರ್ಜಿಯಿಂದ ಸರಿಪಡಿಸಿ, ಬೇಕೆಂದವರಿಗೆ ಸಿಗುವಂತೆ ಇಡಬೇಕು.