ಪೆಡ್ರೊ ಮಾರ್ಟಿನೆಜ್ ಮತ್ತು ಸಮಕಾಲೀನರು: ಶೀಟ್ ಎಲ್ಲಿಗೆ ಬಂತು

ಬೇಸ್‌ಬಾಲ್ ಅಂಕಿಅಂಶ ಹೋಲಿಸುವ ನಮ್ಮ ಶೀಟಿನಲ್ಲಿ ಈಗ ಚೆಂಡೆಸೆಯುವ ನಾಲ್ವರು ಪಿಚರ್‌ಗಳಿದ್ದಾರೆ: ಪೆಡ್ರೊ ಮಾರ್ಟಿನೆಜ್, ಗ್ರೆಗ್ ಮ್ಯಾಡಕ್ಸ್, ರ‍್ಯಾಂಡಿ ಜಾನ್ಸನ್, ರೋಜರ್ ಕ್ಲೆಮೆನ್ಸ್. ವೃತ್ತಿಜೀವನದ ಮೊತ್ತಗಳೆಲ್ಲ ತಾಳೆಯಾಗಿವೆ, ಸೀಸನ್‌ವಾರು ಲೆಕ್ಕ ಅರ್ಧ ಮುಗಿದಿದೆ.

ಡೇಟಾ ಬೇಸ್‌ಬಾಲ್ ಅಂಕಿಅಂಶಗಳ ಲಾಹ್ಮನ್ ಡೇಟಾಬೇಸಿನ ಪಿಚಿಂಗ್ ಫೈಲಿನದು. ಹೆಸರು ಹಿಡಿದು ಹುಡುಕಿದರೆ 1990ರ ದಶಕದಲ್ಲೇ ಆಡಿದ ಇನ್ನೊಬ್ಬ ಪೆಡ್ರೊ ಮಾರ್ಟಿನೆಜ್, ಎಡಗೈ ಪಿಚರ್, ಒಳಗೆ ಸೇರಿಕೊಳ್ಳುತ್ತಾರೆ. ಆಟಗಾರರ ಐಡಿಯಿಂದಲೇ ಸೋಸಬೇಕು. 219 ಗೆಲುವು, 100 ಸೋಲು, 3154 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಬಂದರೆ ನಮಗೆ ಬೇಕಾದವರೇ.

ಹೆಚ್ಚು ಸಲ ಎಡವುವುದು ಇನ್ನಿಂಗ್ಸ್ ಕಾಲಂನಲ್ಲಿ. 213.1 ಎಂದರೆ ದಶಮಾಂಶವಲ್ಲ, 213 ಇನ್ನಿಂಗ್ಸ್ ಮತ್ತು ಒಂದು ಔಟ್. ಕ್ರಿಕೆಟ್‌ನಲ್ಲಿ 19.4 ಓವರ್ ಎನ್ನುವ ಹಾಗೆ, ಆದರೆ ಇಲ್ಲಿ ಮೂರು ಔಟ್‌ಗೇ ಒಂದು ಇನ್ನಿಂಗ್ಸ್ ಪೂರ್ತಿಯಾಗುತ್ತದೆ. ಹಾಗೇ ಕೂಡಿಸಿದರೆ .2 ಮತ್ತು .2 ಸೇರಿ .4 ಆಗುತ್ತದೆ, ಆಗಬೇಕಾದದ್ದು 1.1. ಎಲ್ಲವನ್ನೂ ಔಟ್‌ಗೆ ಇಳಿಸಿದರೆ ತಂಟೆ ಇಲ್ಲ: 213×3+1=640. ಲಾಹ್ಮನ್ ಫೈಲಿನಲ್ಲಿ ಔಟ್‌ಗಳ ಕಾಲಂ ಸಿದ್ಧವಾಗಿಯೇ ಇದೆ. ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಕೊಟ್ಟ ಅರ್ನ್ಡ್ ರನ್) ಬೇಕಾದರೆ ಅರ್ನ್ಡ್ ರನ್ನನ್ನು (ಫೀಲ್ಡರ್‌ಗಳ ತಪ್ಪಿಲ್ಲದೆ ಬಂದ ರನ್) 27ರಿಂದ ಗುಣಿಸಿ ಔಟ್‌ಗಳಿಂದ ಭಾಗಿಸಿ. ಪೆಡ್ರೊ 1999: 49×27÷640=2.07.

ಎಡವುವ ಎರಡನೆಯ ಜಾಗ ಜಾನ್ಸನ್ ಅವರ 1998. ಸೀಸನ್ ಮಧ್ಯದಲ್ಲಿ ಸಿಯಾಟಲ್‌ನಿಂದ ಹ್ಯೂಸ್ಟನ್‌ಗೆ ಹೋದದ್ದರಿಂದ ಆ ವರ್ಷಕ್ಕೆ ಎರಡು ಸಾಲುಗಳಿವೆ: 160 ಇನ್ನಿಂಗ್ಸ್‌ಗೆ ಇಆರ್‌ಎ 4.33, 84.1 ಇನ್ನಿಂಗ್ಸ್‌ಗೆ 1.28. ಎರಡರ ಸರಾಸರಿ ತೆಗೆದರೆ 2.81 ಬರುತ್ತದೆ, ಅದು ತಪ್ಪು. ಅರ್ನ್ಡ್ ರನ್ 77+12, ಔಟ್ 480+253 ಕೂಡಿಸಿ, 27ರ ಲೆಕ್ಕದಲ್ಲೇ ಭಾಗಿಸಿದರೆ 3.28. ಆದರೂ ಶೀಟಿನಲ್ಲಿ ಸಾಲುಗಳನ್ನು ಒಂದು ಮಾಡಬಾರದು, ಆಗ ಎರಡೂ ತಂಡಗಳ ಲೀಗ್ ಬೇರೆ ಬೇರೆ.

ಮೊತ್ತಗಳು ಹೇಳುವುದು ಕಡಿಮೆ. ಮ್ಯಾಡಕ್ಸ್ 5008.1 ಇನ್ನಿಂಗ್ಸ್ ಎಸೆದರು, ಪೆಡ್ರೊ 2827.1; ಗೆಲುವಿನ ಪಟ್ಟಿಯಲ್ಲಿ 355ರ ಪಕ್ಕ 219 ಇಟ್ಟು ಏನೂ ತಿಳಿಯುವುದಿಲ್ಲ. ಒಂಬತ್ತು ಇನ್ನಿಂಗ್ಸ್‌ಗೆ ಸ್ಟ್ರೈಕ್‌ಔಟ್: ಜಾನ್ಸನ್ 10.61, ಪೆಡ್ರೊ 10.04, ಕ್ಲೆಮೆನ್ಸ್ 8.55, ಮ್ಯಾಡಕ್ಸ್ 6.06. ಒಂದು ವಾಕ್‌ಗೆ ಎಷ್ಟು ಸ್ಟ್ರೈಕ್‌ಔಟ್ (ವಾಕ್ ಎಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಉಚಿತ ಬೇಸ್) ಎಂದು ನೋಡಿದರೆ ಸಾಲು ಬದಲಾಗುತ್ತದೆ: ಪೆಡ್ರೊ 4.15, ಮ್ಯಾಡಕ್ಸ್ 3.37, ಜಾನ್ಸನ್ 3.26, ಕ್ಲೆಮೆನ್ಸ್ 2.96. ಈ ಕಾಲಂ ಅನ್ನೇ ನಾವು ಹೆಚ್ಚು ನಂಬುತ್ತೇವೆ. ಫೀಲ್ಡರ್‌ಗಳ ಕೈಚಳಕ ಇದರಲ್ಲಿ ಬೆರೆಯುವುದು ತೀರ ಕಡಿಮೆ.

ಉತ್ತುಂಗದ ಏಳು ವರ್ಷದ ಇಆರ್‌ಎ ತೆಗೆದರೆ ಮ್ಯಾಡಕ್ಸ್ (1992–98) 2.15, ಪೆಡ್ರೊ (1997–2003) 2.20. ಇಲ್ಲಿಗೇ ನಿಂತರೆ ಮ್ಯಾಡಕ್ಸ್ ಮುಂದು. ಆದರೆ ಅವರು ಎಸೆದದ್ದು ಪಿಚರ್‌ಗಳೂ ಬ್ಯಾಟ್ ಹಿಡಿಯುತ್ತಿದ್ದ ನ್ಯಾಷನಲ್ ಲೀಗ್‌ನಲ್ಲಿ. 1998ರಿಂದ ಪೆಡ್ರೊ ಎದುರಿಸಿದ್ದು ಪಿಚರ್ ಬದಲಿಗೆ ನುರಿತ ಬ್ಯಾಟರ್ ಇಳಿಯುವ ಅಮೆರಿಕನ್ ಲೀಗನ್ನು, ಅದೂ ರನ್ ಹೊಳೆಯಾಗಿ ಹರಿದ ಕಾಲದಲ್ಲಿ. ಪೆಡ್ರೊ ಮಾಂಟ್ರಿಯಲ್ ತಂಡದಲ್ಲಿದ್ದ 1997ರ ಸಾಲಿಗೆ ಮಾತ್ರ ನ್ಯಾಷನಲ್ ಲೀಗ್ ಸರಾಸರಿಯನ್ನೇ ಹಾಕಬೇಕು.

ಆದ್ದರಿಂದ ಹೊಸ ಕಾಲಂ: ಅಷ್ಟೇ ಇನ್ನಿಂಗ್ಸ್‌ನಲ್ಲಿ ಲೀಗಿನ ಸರಾಸರಿ ಪಿಚರ್ ಎಷ್ಟು ರನ್ ಕೊಡುತ್ತಿದ್ದರು? 2000ದಲ್ಲಿ ಲೀಗ್ ಇಆರ್‌ಎ 4.91. 217 ಇನ್ನಿಂಗ್ಸ್‌ಗೆ ಸರಾಸರಿ ಪಿಚರ್ 118 ರನ್ ಕೊಡುತ್ತಿದ್ದರು, ಪೆಡ್ರೊ ಕೊಟ್ಟದ್ದು 42; ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 100ರಿಂದ ಗುಣಿಸಿದರೆ 282. ಆ ವರ್ಷ ಅದೇ ಲೀಗ್‌ನಲ್ಲಿ ಇಆರ್‌ಎಯಲ್ಲಿ ಎರಡನೆಯ ಸ್ಥಾನ ಕ್ಲೆಮೆನ್ಸ್ ಅವರದು, 3.70, ಪೆಡ್ರೊ 1.74. ಮ್ಯಾಡಕ್ಸ್ ಅವರ 1994 ಹತ್ತಿರ ಬರುತ್ತದೆ: 202 ಇನ್ನಿಂಗ್ಸ್, ಸರಾಸರಿ ಪಿಚರ್ ಕೊಡುತ್ತಿದ್ದ 94 ರನ್‌ಗಳ ಬದಲು 35. ಮುಷ್ಕರದಿಂದ ಆ ಸೀಸನ್ ಆಗಸ್ಟ್‌ನಲ್ಲೇ ನಿಂತಿತು ಎಂಬ ಟಿಪ್ಪಣಿ ಆ ಸಾಲಿಗೆ ಕಡ್ಡಾಯ. ಹಲವು ವರ್ಷ ಸೇರಿಸುವಾಗ ವರ್ಷವಾರು ಅನುಪಾತಗಳ ಸರಾಸರಿ ಬೇಡ. ನಿರೀಕ್ಷಿತ ರನ್, ಕೊಟ್ಟ ರನ್ ಎರಡನ್ನೂ ಬೇರೆ ಬೇರೆ ಕೂಡಿಸಿ ಕೊನೆಗೆ ಭಾಗಿಸಬೇಕು. ಇಲ್ಲವಾದರೆ ಗಾಯದಿಂದ ಮೊಟಕಾದ ವರ್ಷಕ್ಕೂ ಪೂರ್ತಿ ವರ್ಷದಷ್ಟೇ ತೂಕ ಸಿಗುತ್ತದೆ.

ಬಾಕಿ ಇರುವುದು ಮೈದಾನದ ತಿದ್ದುಪಡಿ. ಪೆಡ್ರೊ 2000ದ ಸಾಲು ಈಗ 282 ತೋರಿಸುತ್ತದೆ, ಬೇಸ್‌ಬಾಲ್ ರೆಫರೆನ್ಸ್‌ನಲ್ಲಿ (ಬೇಸ್‌ಬಾಲ್ ಅಂಕಿಅಂಶಗಳ ಜಾಲತಾಣ) 291 ಇದೆ. ಈ ವ್ಯತ್ಯಾಸ ಬಹುಪಾಲು ಫೆನ್‌ವೇ ಪಾರ್ಕಿನದು, ಅಂದರೆ ಆಗ ಪೆಡ್ರೊ ಆಡುತ್ತಿದ್ದ ಬಾಸ್ಟನ್ ತಂಡದ ತವರು ಮೈದಾನದ್ದು. ಪಂದ್ಯಗಳಲ್ಲಿ ಅರ್ಧ ಮಾತ್ರ ತವರಿನಲ್ಲಿ ನಡೆಯುವುದರಿಂದ ಮೈದಾನದ ಅಂಶ (ಅಲ್ಲಿ ರನ್ ಎಷ್ಟು ಪಟ್ಟು ಬರುತ್ತದೆ ಎಂಬುದು) 1.06 ಇದ್ದರೆ 1.03 ಎಂದೇ ಹಾಕಬೇಕು. ಒಂದೇ ವರ್ಷದ ಅಂಶ ತುಂಬ ಜಿಗಿಯುತ್ತದೆ, ಮೂರು ವರ್ಷದ ಸರಾಸರಿ ಸಾಕು. ಮೊದಲು ಬಾಸ್ಟನ್ ಸಾಲುಗಳು, ಆಮೇಲೆ ಮ್ಯಾಡಕ್ಸ್ ಅವರ ಅಟ್ಲಾಂಟಾ.