ಗೇಟಿನ ಹತ್ತಿರದ ಸಿಗ್ನಲ್

"ಚಿಕ್ಕಮ್ಮ, ನಾನು ಫಾರ್ವರ್ಡ್ ಮಾಡಿದ್ದು ಅಷ್ಟೇ. ಫೋಟೋ ತೆಗೆದದ್ದು ನಾನಲ್ಲ."

ಈ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಹೇಳಿದವನು ನನ್ನ ಅಕ್ಕನ ಮಗ, 15 ವರ್ಷ. ಸೋಮವಾರಪೇಟೆ ಕಡೆ ಕಳೆದ ವಾರ ಮಳೆ ರಜೆ. ಕ್ಲಾಸಿನ ಹುಡುಗಿಯೊಬ್ಬಳು ನಂಬಿಕೊಂಡು ಒಬ್ಬ ಹುಡುಗನಿಗೆ ಕಳಿಸಿದ್ದ ತನ್ನ ಖಾಸಗಿ ಫೋಟೋ ಇವನ ಫೋನಿಗೂ ಬಂತು. ಇವನು ಅದನ್ನು ಗ್ರೂಪಿಗೆ ಹಾಕಿದ.

ಅಕ್ಕನ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಕೊಡೆ ಹಿಡಿದು ತೋಟದ ಗೇಟಿನವರೆಗೆ ಹೋಗಬೇಕು. ಅಲ್ಲಿ ಸಿಲ್ವರ್ ಮರದ ಬುಡದಲ್ಲಿ ನಿಂತರೆ ಎರಡು ಕಡ್ಡಿ ಬರುತ್ತದೆ. ಫೋಟೋ ಬಂದದ್ದು ಬೆಳಿಗ್ಗೆ. ಕಳಿಸಿದ್ದು ಮಧ್ಯಾಹ್ನ. ನಡುವೆ ಮನೆಗೆ ಬಂದು ಊಟ ಮಾಡಿದ್ದಾನೆ. ಮತ್ತೆ ಆ ಮಳೆಯಲ್ಲಿ ಗೇಟಿಗೆ ನಡೆದಿದ್ದಾನೆ. ಫೋಟೋ ಹೋಗುವವರೆಗೆ ಅಲ್ಲೇ ನಿಂತಿದ್ದಾನೆ. ನಾನೂ ಆ ದಾರಿ ನಡೆದು ನೋಡಿದೆ. ನಾಲ್ಕು ನಿಮಿಷ ಬೇಕು. 'ಅಷ್ಟೇ' ಅಂದನಲ್ಲ, ಅದರೊಳಗೆ ಈ ನಾಲ್ಕು ನಿಮಿಷವೂ ಇದೆ.

ಹುಡುಗಿಯ ಅಮ್ಮ ಮನೆಗೆ ಬಂದರು. ಕೂಗಾಡಲಿಲ್ಲ. "ಎಷ್ಟು ಜನಕ್ಕೆ ಹೋಗಿದೆ ಅಂತ ಅವನೇ ಎಣಿಸಿ ಹೇಳ್ಲಿ" ಅಂದರು, ಅಷ್ಟೇ. ಅವನು ತಲೆ ತಗ್ಗಿಸಿ ಗ್ರೂಪಿನ ಹೆಸರುಗಳನ್ನು ಎಣಿಸಿದ. 41. ಕೊನೆಕೊನೆಗೆ ಸ್ವರವೇ ಹೊರಡಲಿಲ್ಲ.

ಭಾವ ಮಾತ್ರ "ಸ್ಟೇಷನ್ ಗೀಷನ್ ಬೇಡ, ಮಾತಾಡಿ ಮುಗಿಸೋಣ" ಅಂತಲೇ ಇದ್ದರು. ಒಳ್ಳೆಯವರೇ, ಆದರೆ ಮನೆ ಮರ್ಯಾದೆ ಅಂದರೆ ಅವರಿಗೆ ಬೇರೆ ಏನೂ ಕಾಣುವುದಿಲ್ಲ. ಆ ಹುಡುಗಿಗೂ ಒಂದು ಮನೆ ಇದೆ ಅಲ್ವಾ?

ಮಡಿಕೇರಿಯ ಪರಿಚಯದ ವಕೀಲರಿಗೆ ಫೋನ್ ಮಾಡಿದೆ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ 18 ತುಂಬದವರ ಇಂಥ ಫೋಟೋ ಕಳಿಸಿದರೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಜೊತೆಗೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಇರುವ ಪೋಕ್ಸೋ ಕಾಯ್ದೆ ಬೇರೆ. ಫೋನಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಅಂತ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನಗೆ ಕೈಕಾಲು ತಣ್ಣಗಾಯಿತು. ಆಮೇಲೆ ಅವರೇ ಸಮಾಧಾನ ಹೇಳಿದರು. ಈ ವಯಸ್ಸಿನವನನ್ನು ಜೈಲಿಗೆ ಹಾಕುವುದಿಲ್ಲ. 2015ರ ಬಾಲ ನ್ಯಾಯ ಕಾಯ್ದೆ ಇದೆ, ಬಾಲ ನ್ಯಾಯ ಮಂಡಳಿ ನೋಡುತ್ತದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಹೆಂಗಸು. ಬುದ್ಧಿ ಹೇಳಿ ಬಿಡಬಹುದು, ಕೌನ್ಸೆಲಿಂಗ್‌ಗೆ ಕಳಿಸಬಹುದು, ಸಮಾಜ ಸೇವೆ ಮಾಡಿಸಬಹುದು. ತೀರಾ ಅಂದರೆ ಇಂಥ ಮಕ್ಕಳನ್ನು ತಿದ್ದಲು ಇರುವ ವಿಶೇಷ ಗೃಹದಲ್ಲಿ 3 ವರ್ಷದವರೆಗೆ ಇಡಬಹುದು. ಇದೇ ಕಾರಣಕ್ಕೆ ಮುಂದೆ ಕೆಲಸ ತಪ್ಪುವ ಹಾಗಿಲ್ಲ.

ನನಗೆ ಇದು ಸರಿ ಅನ್ನಿಸುತ್ತದೆ. ಹದಿನೈದರ ಹುಡುಗನನ್ನು ಕೈದಿ ಮಾಡಿದರೆ ಹೊರಗೆ ಬರುವವನು ನಮ್ಮ ಹುಡುಗನಾಗಿ ಬರುವುದಿಲ್ಲ. ಹಾಗಂತ ಕಾಫಿ ಕುಡಿದು, ಕೈ ಮುಗಿದು ಮುಗಿಸಿದರೆ 'ಅಷ್ಟೇ' ಅನ್ನುವ ಮಾತನ್ನು ನಾವೇ ಒಪ್ಪಿಕೊಂಡ ಹಾಗಾಯಿತು. ಹೊರಗಿನವರ ಮುಂದೆ ಕೂತು ಅವನು ಉತ್ತರ ಹೇಳಲೇಬೇಕು. ನಮ್ಮ ಎದುರು ಹೇಳಿದರೆ ಸಾಲದು. ನಾವು ಅವನ ಕಡೆಯವರು.

ಇನ್ನೊಂದು ಮಾತು ನನ್ನ ನಿದ್ದೆ ಕೆಡಿಸಿತು. ತನ್ನದೇ ಫೋಟೋ ಕಳಿಸಿದ ಮಗುವನ್ನು ಬಿಡಬೇಕು ಅಂತ ಆ 67ಬಿ ಸೆಕ್ಷನ್‌ನಲ್ಲಿ ಒಂದು ಸಾಲೂ ಇಲ್ಲವಂತೆ. ಬರೆದ ಹಾಗೆ ಓದಿದರೆ ಅವಳೂ ತಪ್ಪಿತಸ್ಥೆ! ಇದನ್ನು ತಿದ್ದಲೇಬೇಕು. ಪೆಟ್ಟು ತಿಂದವಳಿಗೇ ಕೇಸಿನ ಹೆದರಿಕೆ ಇದ್ದರೆ ಯಾವ ಹುಡುಗಿ ತಾನೇ ದೂರು ಕೊಡುತ್ತಾಳೆ?

ಹುಡುಗಿಯ ಅಮ್ಮನಿಗೆ ಸೈಬರ್ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098 ಎರಡನ್ನೂ ಬರೆದುಕೊಟ್ಟೆ. ದೂರು ಕೊಟ್ಟರೆ ಇವನನ್ನು ನಾನೇ ಕರೆದುಕೊಂಡು ಬರುತ್ತೇನೆ ಅಂತಲೂ ಹೇಳಿದೆ. ಅವರು ಕೊಟ್ಟರು. ಅವತ್ತಿನಿಂದ ಭಾವ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಅಕ್ಕ ಮಾತ್ರ ಗೇಟಿನ ಹತ್ತಿರ ಹೋಗಿ ಫೋನ್ ಮಾಡುತ್ತಾಳೆ, ಒಂದೆರಡು ನಿಮಿಷ.

ಸೋಮವಾರ ಶಾಲೆ ಶುರುವಾಯಿತು. ಇವನು ಹೋದ. ಅವಳು ಇನ್ನೂ ಹೋಗಿಲ್ಲ.